ಸಮಾಪ್ತಿಯ ಮೇಲೂ ಎದ್ದು ಬಂದ ಕಬ್ಬಿಣದ ಸಿಪಾಯಿ

ಪ್ರೀತಿಯ ಗಫಾರ್ ಚಾಚಾ,

ಸಮಸ್ತ ಗುಬ್ಬಿ ತಾಲೂಕಿನ ಗಮನಕ್ಕೆ: ಆ ಯಂತ್ರಮಾನವನ ಸಿನಿಮಾ ಇತ್ತಲ್ಲ, ನಾವು ಕಬ್ಬಿಣದ ಸಿಪಾಯಿ ಅಂತಿದ್ದೆವು, ಅದರ ಎರಡನೇ ಭಾಗ ಕೆಟ್ಟದ್ದು ಎಂಬ ನನ್ನ ತೀರ್ಪು ಇಂದಿಗೂ ಊರ್ಜಿತದಲ್ಲಿದೆ. ನೀವು ತೀರಿಕೊಂಡ್ರಿ ಅಂತ ಕನಿಕರಪಟ್ಟು ವಾದ ಬಿಟ್ಟುಕೊಡ್ತೀನಿ ಅಂದ್ಕೊಂಡ್ರಾ?

ನೆನಪಿದೆಯಾ, ತೊಂಬತ್ತರ ದಶಕದ ಆ ಭಾನುವಾರದ ಮ್ಯಾಟಿನಿ? ನಮ್ಮೂರ ಟಾಕೀಸಿನಲ್ಲಿ ನೀವು ಪ್ರೊಜೆಕ್ಟರ್ ಆಪರೇಟರು, ನಾನು ತುಮಕೂರಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರ್ತಿದ್ದವನು. ನೀವು ಟವೆಲ್ ಹಾಕಿ ಹಿಡಿದಿಟ್ಟ ಸೀಟು ಎಂದಿನಂತೆ ಕಂಬದ ಹಿಂದೆ. ಅರ್ಧ ಪರದೆ ನೋಡಿದೆ, ಅರ್ಧ ಕಂಬ. ಚಿತ್ರ ಇಂಗ್ಲಿಷು. ಮಾತು ಯಾರಿಗೂ ತಿಳೀದಿದ್ದರಿಂದ ಯಾರಿಗೂ ತೊಂದರೆ ಇರಲಿಲ್ಲ. ಭೂಮಿಯನ್ನು ಉಳಿಸೋಕೆ ಸಿಪಾಯಿ ರಾಕೆಟ್ ಸಮೇತ ಸಿಡಿದು ಚೂರಾದ. ಸಮಾಪ್ತಿಯೂ ಬಂತು. ಜನ ಎದ್ದು ಚಪ್ಪಲಿ ಹುಡುಕ್ತಿದ್ದಾಗ ಅದೇ ಸಿಪಾಯಿ ಸೇತುವೆ ಮೇಲೆ ಓಡಿ ಬಂದು ಹತ್ತು ಜನರನ್ನು ಒದ್ದ. ಕೊನೆಯ ಎರಡು ರೀಲು ಅದಲುಬದಲು ಮಾಡಿದ್ರಿ ನೀವು. ಜನ ಶಿಳ್ಳೆ ಹೊಡೀತಾ ಮತ್ತೆ ಕೂತರು.

"ಏನ್ ಚಾಚಾ, ಸತ್ತೋನು ಹೆಂಗ್ ಬಂದ?" ಅಂತ ನಿಮ್ಮ ರೂಮಿಗೇ ಬಂದು ಕೇಳಿದೆ.

"ಬಂದ್ನಲ್ಲ, ನಿಂಗೇನ್ಲಾ ಹೊಟ್ಟೆಯುರಿ? ಮೊದಲ್ನೇ ಭಾಗದಲ್ಲಿ ಹಿಂಗ್ ಬಂದಿದ್ನಾ? ಅದಕ್ಕೇ ಇದು ಮೇಲು."

ಅಲ್ಲಿಂದ ಶುರುವಾದ ಜಗಳ ನೀವು ಹೋಗೋ ತನಕ ಮುಗೀಲಿಲ್ಲ. ಹೊಡೆದಾಟ ಮೊದಲಿನದಕ್ಕಿಂತ ಚೆನ್ನಾಗಿದೆ, ಒಪ್ಪಿದೆ. ತಗಡಿನ ಮುಖದಲ್ಲಿ ಅಷ್ಟು ಸಂಕಟ ತಂದವರಿಗೆ ನಮಸ್ಕಾರ. ಆದರೆ ಕಥೆ? ಹಳೆಯದನ್ನೇ ಬಿಸಿ ಮಾಡಿ ಬಡಿಸಿದ್ದು. ಇನ್ನು ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ಆ ಪರಿ ಢಮಾರ್ ಸದ್ದು... "ನೀನ್ ಹೋಗ್ ಕೇಳ್ಕಂಡ್ ಬಂದಿದ್ಯಾ?" ಅಂತಿದ್ರಿ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಮೊನ್ನೆ ಕುಣಿಗಲ್‌ನಲ್ಲಿ ಅಕ್ಕನ ಮನೇಲಿ ಅದರ ಸಿಡಿ ಹಾಕಿದ್ರು. ಮೊದಲ ಸಲ ಸರಿಯಾದ ಕ್ರಮದಲ್ಲಿ ನೋಡಿದೆ. ಸಿಪಾಯಿ ಚೂರಾದ. ಸಮಾಪ್ತಿ. ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಅವನು ಬರಲೇ ಇಲ್ಲ, ಚಾಚಾ.

ರಿಮೋಟ್ ತಗೊಂಡು ಹಿಂದಕ್ಕೆ ಓಡಿಸಿ ಸೇತುವೆ ಸೀನು ಹಾಕಿದೆ. ಓಡಿ ಬಂದ.

"ಮುಗೀತಲ್ಲೋ, ಇನ್ನೇನ್ ನೋಡ್ತಿದೀಯಾ?" ಅಂದಳು ಅಕ್ಕ.

"ಗುಬ್ಬೀಲಿ ಹಿಂಗೇ ಮುಗಿಯೋದು," ಅಂದೆ.

ಇದನ್ನು ಸೋಲು ಅಂತ ತಿಳ್ಕೋಬೇಡಿ. ಸಿನಿಮಾ ಕೆಟ್ಟದ್ದೇ. ಮಿಕ್ಕ ವಾದ ಎದುರಿಗೇ ಮಾಡೋಣ. ಅಲ್ಲಿ ಟವೆಲ್ ಹಾಕಿ ನನಗೂ ಒಂದು ಸೀಟು ಹಿಡಿದಿಟ್ಟಿರಿ, ಅವಸರವೇನಿಲ್ಲ. ಕಂಬದ ಹಿಂದೆ ಮಾತ್ರ ಬೇಡ.