ನನ್ನ ಕಥೆಗೆ ಯಾರೂ ಬೈಯಲಿಲ್ಲ

ಜಡೆ, ೧೬-೩-೧೯೫೮, ಭಾನುವಾರ

ಅಕ್ಷರ ಸೊಟ್ಟಗಿದೆ, ತಪ್ಪೂ ಇರಬಹುದು, ಕ್ಷಮೆ ಇರಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈ ಇದು, ಇವತ್ತು ಹೊಟ್ಟೆಕಿಚ್ಚೂ ಸೇರಿದೆ.

ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಹೆಂಗಸರು ಮುತ್ತುಗದ ಊಟದೆಲೆ ಹಚ್ಚುತ್ತಾರೆ, ನಾನು ಕಾದಂಬರಿ ಓದಿ ಹೇಳುತ್ತೇನೆ. ಕೊನೆಯ ಅಧ್ಯಾಯವೊಂದೇ ಉಳಿದಿತ್ತು. ಇವತ್ತು ಪುಸ್ತಕ ಸಿಗುತ್ತಿಲ್ಲ ಎಂದೆ. ಬದಲಿಗೆ ನಾನೇ ಬರೆದ ಕಥೆಯನ್ನು ಯಾರದೋ ಎಂದು ಹೇಳಿ ಓದಿದೆ.

"ಚೆನಾಗೈತೆ ಕಣೆ," ಎಂದಳು ಅತ್ತಿಗೆ ಬಸಕ್ಕ. ಕಡ್ಡಿ ಚುಚ್ಚುವ ಕೈ ನಿಲ್ಲಲೇ ಇಲ್ಲ. ಮರುಕ್ಷಣ ಕಾದಂಬರಿಯ ಜಗಳ ಶುರುವಾಯಿತು.

"ಆ ಹುಡುಗಿಗೆ ಬುದ್ಧಿ ಇಲ್ಲ," ಎಂದರು ಪಕ್ಕದ ಮನೆಯ ಗುಡ್ಡಮ್ಮತ್ತೆ. "ಮೊದಲ ಹೆಂಡ್ತಿನ ಕೊಂದೋನು ಅಂತ ಊರೆಲ್ಲ ಹೇಳ್ತದೆ, ಇವಳು ಅವನನ್ನೇ ಮದ್ವೆ ಆಗ್ತಾಳಂತೆ. ಬರೆದೋನಿಗೆ ಹೆಣ್ಮಕ್ಕಳಿಲ್ಲ ಅಂತ ಕಾಣ್ತದೆ."

"ಅವ್ನು ಕೊಂದಿಲ್ಲ ಕಣ್ರಿ ಅತ್ತೆ. ಕೊಂದೋನು ಹಂಗೆ ಅಳ್ತಾನಾ?" ಎನ್ನುತ್ತ ಬಸಕ್ಕ ಕೈಯಲ್ಲಿದ್ದ ಎಲೆಯನ್ನೇ ಹರಿದುಬಿಟ್ಟಳು.

ನನ್ನ ಕಥೆಯಲ್ಲೂ ಒಬ್ಬಳು ಸಾಯುತ್ತಾಳೆ. ಅವಳಿಗಾಗಿ ಯಾರ ಎಲೆಯೂ ಹರಿಯಲಿಲ್ಲ. ಬೈದಿದ್ದರೂ ಸಾಕಿತ್ತು. ಆ ಕಾದಂಬರಿಯ ಲೇಖಕರನ್ನು ದೇವರಂತೆ ಕಂಡವಳು ನಾನು. ಇವತ್ತು ಅವರಿಗೆ ಸಿಕ್ಕ ಬೈಗುಳವನ್ನೂ ಕಿತ್ತುಕೊಳ್ಳಬೇಕು ಎನಿಸಿತು.

ಕೊನೆಗೆ ಏನಾಗುತ್ತದೋ ನನಗೂ ಗೊತ್ತಿಲ್ಲ. ಅವನೇ ಕೊಂದಿದ್ದರೆ? ತಿಳಿಯಬೇಕೆಂದರೆ ಅಕ್ಕಿ ಮಡಕೆಗೆ ಕೈ ಹಾಕಬೇಕು. ಬೆಳಿಗ್ಗೆ ಯಾರೂ ಏಳುವ ಮೊದಲು ಪುಸ್ತಕವನ್ನು ಅದರಲ್ಲಿ ಹುಗಿದಿಟ್ಟವಳು ನಾನೇ.