ಕಣ್ಣಿನ ಸುತ್ತಲಿನ ಕಪ್ಪು

ಸಿಂಗಸಂದ್ರ, ಬೆಂಗಳೂರು

ಅತ್ತೆಯವರಿಗೆ ನೀಲಾಂಬಿಕಾಳ ಶರಣು.

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಣ್ಣಿನ ಸುತ್ತ ಲೇಸರ್ ಮಾಡಿಸಿಕೊಂಡ ಸುದ್ದಿ ಊರಿಗೆ ಮುಟ್ಟಿದೆಯಂತೆ. "ಗಂಡ ಸತ್ತಾಕಿಗೆ ಚೆಂದ ಯಾಕ ಬೇಕು?" ಎಂದು ಮರೆಪ್ಪ ಕಾಕಾ ನಿಮ್ಮೆದುರೇ ಕೇಳಿದರಂತೆ.

ಮಾಡಿಸಿಕೊಂಡದ್ದು ನಿಜ. ಅತ್ತು ಅತ್ತು ಕಣ್ಣಿನ ಸುತ್ತ ಕಪ್ಪುಗಟ್ಟಿದ ಮುಖವನ್ನು ಕನ್ನಡಿಯಲ್ಲಿ ನೋಡಿ ಸಾಕಾಗಿತ್ತು. ನಾನು ಕೆಲಸಕ್ಕಿರುವ ಚರ್ಮದ ಕ್ಲಿನಿಕ್ಕಿನ ಡಾಕ್ಟರಮ್ಮನೇ ಕರೆದು, "ಹಗುರವಾದ ಲೇಸರ್ ಕಣಮ್ಮ, ಹೆದರ್ಬೇಡ," ಎಂದು ಬೆಳಕು ತಾಕದಂತೆ ಕಣ್ಣಿಗೆ ಮುಚ್ಚಳ ಇಟ್ಟರು. ಉರಿಯಲಿಲ್ಲ, ಎಳೆಬಿಸಿಲು ತಾಕಿದಂತಿತ್ತು. ಆ ಕತ್ತಲೆಯಲ್ಲಿ ನಿಮ್ಮ ಮಗ ನೆನಪಾಗಿ ಅತ್ತುಬಿಟ್ಟೆ. ಡಾಕ್ಟರಮ್ಮ ಯಂತ್ರ ನಿಲ್ಲಿಸಿ, ನಾನು ಸುಮ್ಮನಾಗುವವರೆಗೂ ಕೈ ಹಿಡಿದು ಕೂತಿದ್ದರು.

ಈಗ ಕಪ್ಪು ತಿಳಿಯಾಗಿದೆ. ನಿಮ್ಮ ಮಗನನ್ನು ಮರೆತೆನೆಂದು ಮಾತ್ರ ತಿಳಿಯಬೇಡಿ.

ಇನ್ನೊಂದು ಮಾತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಮುತ್ತಣ್ಣ ನನ್ನನ್ನು ಮದುವೆಗೆ ಕೇಳಿದ್ದಾರೆ. "ಮೊದಲ ನಿಮ್ಮ ಅತ್ತೀನ್ನ ಕೇಳ್ರಿ, ಅವರು ಹೂಂ ಅಂದ್ರಷ್ಟ ಮುಂದಿನ ಮಾತು," ಎಂದರು. ನನಗೂ ಮನಸ್ಸಿದೆ.

ನೋವಾದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಒಪ್ಪಿಗೆಯಾದರೆ ಮದುವೆಗೆ ಬನ್ನಿ. ಹೆತ್ತವ್ವ ಇಲ್ಲದ ನನ್ನ ತಲೆಯ ಮೇಲೆ ಮೊದಲ ಅಕ್ಕಿಕಾಳು ನೀವೇ ಹಾಕಬೇಕು.

ನಿಮ್ಮ ಮನೆಯ
ನೀಲಾಂಬಿಕಾ