ಹಾವಿನೊಳಗೆ ಸುಗಂಧಿ

ಮೆಲಾಕಾ
7 ಸೆಪ್ಟೆಂಬರ್ 2025

ಪ್ರೀತಿಯ ಸುಗಂಧಿ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಲಾರೆ. ಅದಕ್ಕೇ ಈ ಕಾಗದ.

ಜೂನ್‌ನಲ್ಲಿ ಜಪಾನಿನ ಕಾಗುರಾ ತಂಡ ಪೆಟಾಲಿಂಗ್ ಜಯಾಕ್ಕೆ ಬಂದಾಗ ಅದೇ ವೇದಿಕೆಯಲ್ಲಿ ನಮ್ಮ ಯಕ್ಷಗಾನವೂ ಇತ್ತಲ್ಲ. ಅವರದೂ ದೇವರ ಮುಂದಿನ ಕುಣಿತವೇ. ನಾವು ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಕೈಮುಗಿಯುವ ಹಾಗೆ ಅವರೂ ಮೊದಲು ತಮ್ಮ ದೇವರಿಗೆ ಬಾಗುತ್ತಿದ್ದರು. ದೇವರು ಎಂಟು ಹಾವುಗಳನ್ನು ಕೊಲ್ಲುವ ಕಥೆ. ಆಟಕ್ಕೆ ಮೂರು ದಿನ ಇರುವಾಗ ಒಂದು ಹಾವಿನ ವೇಷದವನಿಗೆ ಜ್ವರ ಬಂತು. ತಂಡದ ಯಜಮಾನರಾದ ಮೋರಿಯವರು ನಮ್ಮವರಲ್ಲಿ ಒಬ್ಬರು ಬೇಕೆಂದರು.

ಇಪ್ಪತ್ತು ವರ್ಷ ಇಲ್ಲಿ ಮಹಿಷಾಸುರನಾಗಿ ಅಬ್ಬರಿಸಿದವನು ನಾನು. ಎದೆ ಸೆಟೆಸಿ ನಿಂತೆ. ಹಾವಿನ ಕುಣಿತಕ್ಕೆ ಬೇಕಾದ ಹಾಗೆ ಮಂಡಿಯೂರಿ ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಏದುಸಿರು ಬಂತು. ವೇಷ ಕಟ್ಟಲು ಬಂದಿದ್ದ ನೀನು ಸೆರಗು ಸಿಕ್ಕಿಸಿ, "ನಾನೊಮ್ಮೆ ನೋಡ್ಲಾ ಮಾರಾಯ್ರೆ?" ಎಂದೆ. ಹನ್ನೆರಡು ಸುತ್ತು! ನಿನ್ನ ಅಪ್ಪಯ್ಯ ಕಲಿಸಿದ್ದು ಕಾಲಲ್ಲಿ ಹಾಗೇ ಉಳಿದಿತ್ತು.

ಆಟದ ದಿನ ಬಿದಿರು, ಕಾಗದದ ಆ ಉದ್ದನೆಯ ಹಾವಿನೊಳಗೆ ನಿನ್ನ ಮುಖವೇ ಕಾಣುತ್ತಿರಲಿಲ್ಲ. ಆದರೂ ಜನರೆಲ್ಲ ನಿನಗೊಬ್ಬಳಿಗೇ ಚಪ್ಪಾಳೆ ತಟ್ಟುತ್ತಿದ್ದಾರೆ ಅನಿಸಿತು. ಮೋರಿಯವರು ನಿನಗೆ ಸೊಂಟದವರೆಗೆ ಬಾಗಿ ನಮಿಸಿದರು. ನನ್ನ ಜೊತೆ ಒಂದು ಫೋಟೋ, ಅಷ್ಟೆ. ನೀನು ಬೆವರಲ್ಲಿ ತೊಯ್ದು ಬಂದು, "ಹೇಗಿತ್ತು? ನಿಮ್ಗೆ ಖುಷಿ ಆಯ್ತಾ?" ಎಂದು ಕೇಳಿದೆ. "ಲೇಟಾಯ್ತು, ಕಾರು ಹತ್ತು" ಎಂದೆ ನಾನು.

ಮರುದಿನ ನಿನ್ನ ಮೊಣಕಾಲು ಊದಿತ್ತು. ಸ್ಕ್ಯಾನ್ ಮಾಡಿಸಿದೆ. ಮೂವತ್ತು ವರ್ಷ ಮೂಳೆ ಡಾಕ್ಟರಾಗಿ ಯಾವ ರೋಗಿಗೂ ಸುಳ್ಳು ಹೇಳದವನು ನಿನಗೆ ಹೇಳಿದೆ: "ಒಳಗೆ ಹರಿದಿದೆ. ಇನ್ನು ಕುಣಿದ್ರೆ ಕಾಲೇ ಹೋದೀತು." ಏನೂ ಹರಿದಿರಲಿಲ್ಲ ಸುಗಂಧಿ. ಬರೀ ಉಳುಕು, ಹತ್ತು ದಿನದ್ದು. ನೀನು ನಂಬಿದೆ. ಮೆಟ್ಟಿಲು ಹತ್ತಬಾರದೆಂದು ಸುಬಾಂಗ್ ಜಯಾಕ್ಕೆ, ಮಗಳ ಮನೆಗೆ ಹೊರಟುಹೋದೆ.

ನಿನ್ನೆ ಮೇಧಾ ಫೋನ್ ಮಾಡಿದ್ದಳು. "ಅಪ್ಪಾ, ಅಮ್ಮ ಗೆಜ್ಜೆ ಎಲ್ಲ ಪಕ್ಕದ್ಮನೆ ಹುಡುಗಿಗೆ ಕೊಟ್ಬಿಟ್ರು. ನಗ್ತಾನೇ ಕೊಟ್ರು ಲಾ. ಆಮೇಲೆ ಬಾತ್‌ರೂಮಲ್ಲಿ ಅಳ್ತಿದ್ರು."

ಕ್ಷಮಿಸು ಎನ್ನಲೂ ನಾಚಿಕೆ. ಸ್ಕ್ಯಾನಿನ ವರದಿ ಇದರ ಜೊತೆಗಿದೆ. ಬೇರೆ ಡಾಕ್ಟರಿಗೆ ತೋರಿಸು, ನನ್ನ ಮಾತು ನಂಬಬೇಡ. ಇದನ್ನೆಲ್ಲ ಬರೆಯುವಾಗಲೂ ಆ ಹನ್ನೆರಡು ಸುತ್ತು ನೆನಪಾಗಿ ಹೊಟ್ಟೆ ಉರಿಯುತ್ತಿದೆ. ಅದನ್ನೂ ಮುಚ್ಚಿಡುವುದಿಲ್ಲ.

ನಿನ್ನ
ನಿತ್ಯಾನಂದ

ಮತ್ತೊಂದು ಮಾತು: ಅಕ್ಟೋಬರಿನಲ್ಲಿ ಜಪಾನಿನ ತಮ್ಮೂರ ದೇವಸ್ಥಾನದ ಉತ್ಸವಕ್ಕೆ ನಿನ್ನನ್ನು ಕರೆದು ಮೋರಿಯವರು ನನ್ನ ಇಮೇಲಿಗೆ ಮೂರು ಸಲ ಬರೆದಿದ್ದಾರೆ. ಮೊದಲೆರಡಕ್ಕೂ "ಅವಳ ಕೈಲಾಗದು, ನಾನು ಬರುತ್ತೇನೆ" ಎಂದು ಉತ್ತರಿಸಿದ್ದೆ. ಮೂರನೆಯದರಲ್ಲಿ ಅವರು, "ಸುಗಂಧಿಯವರು ಗುಣವಾಗುವವರೆಗೆ ಕಾಯುತ್ತೇವೆ" ಎಂದಿದ್ದಾರೆ. ಅದಕ್ಕೆ ನಾನು ಉತ್ತರ ಬರೆದಿಲ್ಲ. ಅವರ ವಿಳಾಸ ವರದಿಯ ಹಿಂಬದಿಯಲ್ಲಿದೆ.